ಪದ್ದಿಯನ್ನು ಚಳಿಯಲ್ಲಿ ಬಿಟ್ಟು ಏಳಬಾರದು

ಏಪ್ರಿಲ್ ತಿಂಗಳ ಬಿಸಿಲಿನಲ್ಲಿ ರಾಣೇಬೆನ್ನೂರಿನ ಬಸ್ ನಿಲ್ದಾಣದಲ್ಲಿ ಒಬ್ಬ ಹೆಣ್ಣುಮಗಳು ಉಣ್ಣೆಯ ಸ್ವೆಟರನ್ನು ತೋಳಿನ ಮೇಲೆ ಹಾಕಿಕೊಂಡು ನಿಂತಿದ್ದರೆ ಆಕೆ ಧನಶ್ರೀ ಎಂದು ತಿಳಿಯಬೇಕು. ಊರ ಜನವೆಲ್ಲ ಸೆರಗು ಹೊದ್ದು, ಟವೆಲ್ಲು ಸುತ್ತಿಕೊಂಡು ಕಬ್ಬಿನ ಹಾಲಿನ ಗಾಡಿಯ ಸುತ್ತ ನಿಂತಿರುವಾಗ ಈಕೆ ಮಾತ್ರ ಸ್ವೆಟರು, ಕುಲಾವಿ ಎರಡನ್ನೂ ಮರೆಯದೆ ತಂದಿರುತ್ತಾಳೆ. ಆಕೆಯ ಕೆಲಸ ಇರುವುದು ಬ್ಯಾಡಗಿಯಲ್ಲಿ. ಮೆಣಸಿನಕಾಯಿಯ ಚೀಲಗಳನ್ನು ಬಣ್ಣ ಕೆಡದಂತೆ ತಂಪಿನಲ್ಲಿಡುವ ಕೋಲ್ಡ್ ಸ್ಟೋರೇಜುಗಳು ಅಲ್ಲಿ ಬಹಳ. ಅಂಥ ಒಂದರಲ್ಲಿ ಧನಶ್ರೀ ಕಂಪ್ಯೂಟರಿನ ಮುಂದೆ ಕುಳಿತು ಯಾವ ಕೋಣೆಯಲ್ಲಿ ಎಷ್ಟು ಚಳಿಯಿದೆ ಎಂದು ನೋಡುತ್ತಾಳೆ. ಯಂತ್ರವೇನಾದರೂ ಹಟ ಹಿಡಿದರೆ ಸ್ವೆಟರು ಹಾಕಿಕೊಂಡು ಒಳಗೆ ಹೋಗುತ್ತಾಳೆ.

ಹೆಗಲ ಚೀಲದಲ್ಲಿ ಊಟದ ಡಬ್ಬಿ, ಒಂದು ಸ್ಕ್ರೂಡ್ರೈವರು, ಒಂದು ಕಾಮಿಕ್ಸ್ ಪುಸ್ತಕ. ಬಸ್ಸು ಮೋಟೆಬೆನ್ನೂರಿನಲ್ಲಿ ಹೆದ್ದಾರಿ ಬಿಟ್ಟು ತಿರುಗುವಷ್ಟರಲ್ಲಿ ಆ ಪುಸ್ತಕ ಮುಗಿದಿರುತ್ತದೆ. ಮೂವತ್ತು ದಾಟಿದ ಹೆಣ್ಣುಮಗಳು ಚಿತ್ರಕಥೆ ಓದಿ ತನ್ನಷ್ಟಕ್ಕೆ ನಗುವುದನ್ನು ಕಂಡು ಕಂಡಕ್ಟರು ಒಮ್ಮೆ ಕೇಳಿದನಂತೆ.

"ಮನ್ಯಾಗ ಸಣ್ಣ ಹುಡುಗರು ಅದಾರೇನ್ರಿ?"

"ನಾನ ಇದ್ದೇನಲ್ರಿ," ಎಂದಳಂತೆ ಧನಶ್ರೀ.

ಈ ಹುಡುಗಿಗೆ ನಾನು ಮೂರು ವರ್ಷ ಕನ್ನಡ ಕಲಿಸಿದ್ದೇನೆ. 'ನಾನು ಕಂಡ ಹೊಳೆ' ಎಂಬ ಪ್ರಬಂಧ ಬರೆಯಿರಿ ಎಂದರೆ, ಉಳಿದ ಮಕ್ಕಳು ಐರಣಿಯ ಬಳಿ ತುಂಗಭದ್ರೆ ಹೇಗೆ ಹರಿಯುತ್ತದೆ ಎಂದು ಬರೆದರು. ಈಕೆ ಹಾಳೆಯನ್ನು ಚೌಕಗಳಾಗಿ ಮಾಡಿ, ಒಂದೊಂದು ಚೌಕದಲ್ಲಿ ಹೊಳೆಗೆ ಒಂದೊಂದು ಮುಖ ಬರೆದು, ಬಾಯಿಂದ ಬುಗ್ಗೆ ಎಬ್ಬಿಸಿ, ಅದರೊಳಗೆ ಮಾತು ತುಂಬಿದ್ದಳು. ಬೇಸಗೆಯ ಚೌಕದಲ್ಲಿ ಹೊಳೆ, "ನನಗ ನೀರಡಿಕಿ ಆಗೇದ," ಎನ್ನುತ್ತಿತ್ತು. ಸಂಧಿ, ಸಮಾಸಗಳಲ್ಲಿ ನಾನು ಬಹಳ ಬಿಗಿ. ಆದರೂ ಆ ಹಾಳೆಗೆ ಪೂರ್ತಿ ಅಂಕ ಕೊಟ್ಟೆ. ಅದು ಈಗಲೂ ನನ್ನ ಕಪಾಟಿನಲ್ಲಿದೆ.

ಕಾಮಿಕ್ಸಿನ ಹುಚ್ಚು ಹಿಡಿಸಿದವನು ರದ್ದಿ ಅಂಗಡಿಯ ಜಾಕೀರ್. ಮನೆಯ ಹಳೆಯ ಪತ್ರಿಕೆಗಳನ್ನು ತೂಕಕ್ಕೆ ಹಾಕಲು ಈಕೆಯನ್ನು ಕಳಿಸಿದರೆ, ದುಡ್ಡಿನ ಬದಲು ಅಷ್ಟೇ ತೂಕದ ಚಿತ್ರಕಥೆಗಳನ್ನು ಹೊತ್ತು ತರುತ್ತಿದ್ದಳು. "ರದ್ದಿ ಹೋಗಿ ರದ್ದಿ ಬಂತು," ಎಂದು ತಾಯಿ ವತ್ಸಲಾ ಗೊಣಗುವುದು ಆಗಿನಿಂದ ಶುರುವಾದದ್ದು ಇನ್ನೂ ನಿಂತಿಲ್ಲ.

ಇಂಥವಳು ಕಾದಂಬರಿ ಬರೆಯಲು ಕುಳಿತರೆ ಅದು ಹೇಗಿದ್ದೀತು? ಪತ್ತೇದಾರಿ ಕಾದಂಬರಿಯೇ, ಆದರೆ ಕೊಲೆಯಿಲ್ಲ, ರಕ್ತವಿಲ್ಲ, ಕಳುವು ಕೂಡ ಇಲ್ಲ. ಬ್ಯಾಡಗಿಯ ಒಂದು ಕೋಲ್ಡ್ ಸ್ಟೋರೇಜಿನಲ್ಲಿ ಚೀಲ ಕಡಿಮೆಯಾಗುವ ಬದಲು ಒಂದು ಚೀಲ ಹೆಚ್ಚಾಗುತ್ತದೆ. ಯಾರು ತಂದಿಟ್ಟರು, ಏಕೆ ತಂದಿಟ್ಟರು, ಒಬ್ಬರಿಗೂ ಗೊತ್ತಿಲ್ಲ. ಕಳುವಾದರೆ ಪೊಲೀಸರಿಗೆ ಹೇಳಬಹುದು. ಹೆಚ್ಚಾದದ್ದಕ್ಕೆ ಯಾರಿಗೆ ಹೇಳುವುದು? ಮಾಲೀಕ ವಿರೂಪಾಕ್ಷಪ್ಪ ಸಾಹುಕಾರ ಮಹಾ ಕಟ್ಟುನಿಟ್ಟಿನ ಮನುಷ್ಯ. ಅಲ್ಲಿ ಯಂತ್ರ ನೋಡಿಕೊಳ್ಳುವ ಪದ್ಮಾವತಿ, ಎಲ್ಲರ ಬಾಯಲ್ಲಿ ಪದ್ದಿ, ಈ ಗುಟ್ಟು ಒಡೆಯಲು ಹೊರಡುತ್ತಾಳೆ. ಪದ್ದಿಗೆ ದಪ್ಪ ಕನ್ನಡಕ, ಚೀಲದ ತುಂಬ ಕಾಮಿಕ್ಸು, ತಲೆಯ ತುಂಬ ಲೆಕ್ಕ. ತನ್ನ ಬದುಕೆಲ್ಲ ಚೌಕಟ್ಟು ಚೌಕಟ್ಟಾಗಿ ನಡೆಯುತ್ತಿದೆ ಎಂದು ಆಕೆಯ ನಂಬಿಕೆ. ಬಾಗಿಲು ಹಾಕಿದರೆ ಮನಸ್ಸಿನಲ್ಲೇ 'ಧಡಾಂ' ಎಂದು ದೊಡ್ಡ ಅಕ್ಷರದಲ್ಲಿ ಬರೆದುಕೊಳ್ಳುತ್ತಾಳೆ. ಕಾದಂಬರಿಯ ಹೆಸರು 'ಹೆಚ್ಚಿನ ಚೀಲ'.

ಹಾವೇರಿಯ ಒಂದು ವಾರಪತ್ರಿಕೆಯವರು ಅದನ್ನು ಧಾರಾವಾಹಿಯಾಗಿ ಹಾಕಲು ಒಪ್ಪಿದರು. ಸಂಪಾದಕ ಸಿದ್ದಲಿಂಗೇಶ ಒಳ್ಳೆಯ ಮನುಷ್ಯ, ಆದರೆ ಅವಸರದವನು. ಮೂರು ಕಂತು ಅಚ್ಚಾದರೂ ಓದುಗರಿಂದ ಒಂದು ಫೋನೂ ಬರಲಿಲ್ಲವಂತೆ. ಆತ ಧನಶ್ರೀಗೆ ಸ್ಪಷ್ಟವಾಗಿ ಹೇಳಿಬಿಟ್ಟ: "ಮೇಡಂ, ಈ ಸಲದ ಕಂತು ಓದಿ ಜನ ಬಡಕೊಂಡು ಫೋನ್ ಮಾಡಬೇಕು. ಆಕಿನ್ನ ಎಲ್ಲೆರೆ ಸಿಗಿಸಿ ನಿಲ್ಲಸ್ರಿ. ಇಲ್ಲಾಂದ್ರ ಆ ಜಾಗಾಕ್ಕ ಅಡಿಗಿ ಅಂಕಣ ಹಾಕ್ತೇನಿ. ಬೆಂಡಿಕಾಯಿ ಪಲ್ಯೆ ಒಗ್ಗರಣೀತನಕಾ ತಯಾರ ಐತಿ."

ಬೆಂಡೆಕಾಯಿ ಪಲ್ಯಕ್ಕೆ ಸೋಲುವುದೆಂದರೆ ಯಾವ ಲೇಖಕರಿಗಾದರೂ ಕಷ್ಟವೇ. ಧನಶ್ರೀಗೆ ಅದು ಇನ್ನೂ ಕಷ್ಟ. ಹಿಂದೆ ಆಕೆ ಶುರುಮಾಡಿದ ಕಥೆಗಳೆಲ್ಲ ಅರ್ಧಕ್ಕೇ ನಿಂತಿದ್ದವು. ಇದೊಂದು ಕೊನೆ ಮುಟ್ಟಲೇಬೇಕೆಂದು ಹಟ ತೊಟ್ಟಿದ್ದಳು. ಅಂತೆಯೇ ಆ ವಾರ ಪದ್ದಿಯನ್ನು ಕೋಲ್ಡ್ ಸ್ಟೋರೇಜಿನ ಒಳಗೆ ಹಾಕಿ, ಹೊರಗಿನಿಂದ ಬಾಗಿಲು ಬಿಗಿದುಬಿಟ್ಟಳು.

ಈಗ ಅಜ್ಜಿಯ ವಿಷಯ ಹೇಳಬೇಕು. ಧನಶ್ರೀಯ ಅಜ್ಜಿ ವೆಂಕೂಬಾಯಿಯವರಿಗೆ ಎಂಬತ್ತು ದಾಟಿದೆ. ಕಣ್ಣು ಮಂಜಾದರೂ ಕಿವಿ ಚುರುಕು. ಅವರ ಮನೆ ನಮ್ಮ ಮನೆಗೆ ಎದುರು. ಪ್ರತಿ ವರ್ಷ ಚಾತುರ್ಮಾಸದಲ್ಲಿ ಅವರ ಪಡಸಾಲೆಯಲ್ಲಿ ಪುರಾಣ ಓದುವ ಕೆಲಸ ನನ್ನದು. ಅದಕ್ಕೆ ಒಂದು ಪದ್ಧತಿಯುಂಟು. ಅರಸ ಸೆರೆಯಲ್ಲಿದ್ದಾಗ, ರಾಣಿ ಕಾಡಿನಲ್ಲಿ ಅಲೆಯುತ್ತಿರುವಾಗ, ಕೂಸು ನೀರಿಗೆ ಬಿದ್ದಾಗ ಪುಸ್ತಕ ಮುಚ್ಚುವಂತಿಲ್ಲ. ಎಷ್ಟೇ ಹೊತ್ತಾಗಲಿ, ಅವರು ಪಾರಾಗುವವರೆಗೆ ಓದಬೇಕು. ಆಮೇಲೆಯೇ ಮಂಗಳಾರತಿ, ಕೋಸಂಬರಿ. ನಡುವೆ ಬಿಟ್ಟು ಎದ್ದರೆ ಆ ಸಂಕಟ ಕೇಳಿದವರ ಬೆನ್ನು ಹತ್ತುತ್ತದೆ ಎಂದು ವೆಂಕೂಬಾಯಿಯವರ ನಂಬಿಕೆ. ಒಂದು ವರ್ಷ ಒಬ್ಬ ರಾಜಕುಮಾರ ಹುತ್ತದೊಳಗೆ ಸಿಕ್ಕಿಕೊಂಡು, ನಾನು ಅವನನ್ನು ಹೊರಗೆ ತೆಗೆಯುವಷ್ಟರಲ್ಲಿ ಕೋಸಂಬರಿ ನೀರು ಬಿಟ್ಟಿತ್ತು.

ಮೊಮ್ಮಗಳು ಕಂತು ಬರೆದಾಗಲೆಲ್ಲ ಭಾನುವಾರ ಬೆಳಿಗ್ಗೆ ಅದೇ ಪಡಸಾಲೆಯಲ್ಲಿ ಓದಿ ತೋರಿಸುತ್ತಿದ್ದಳು. ಕೇಳುವವರು ಅಜ್ಜಿ, ಹಲಗೇರಿಯಿಂದ ಹೂ ತರುವ ದುರಗವ್ವ, ಪಕ್ಕದ ಮನೆಯಲ್ಲಿ ಜಂಪರು ಹೊಲಿಯುವ ಮುಮ್ತಾಜಬಿ, ಮತ್ತು ನಾನು. ವತ್ಸಲಾ ಅಡುಗೆಮನೆಯಿಂದಲೇ ಕೇಳುವಳು. ಆ ದಿನ ಧನಶ್ರೀ ಫೋನಿನಲ್ಲಿ ನೋಡುತ್ತ ಗಂಭೀರವಾಗಿ ಓದುತ್ತ ಕಂತಿನ ಕೊನೆಗೆ ಬಂದಳು:

"ಹೊರಗೆ ಚಿಲಕ ಬಿತ್ತು. ಧಡಾಂ! ದೀಪ ಆರಿತು. ಪದ್ದಿಯ ಹಲ್ಲುಗಳು ಟೈಪರೈಟರಿನ ಹಾಗೆ ಕಟಕಟ ಎನ್ನತೊಡಗಿದವು. 'ನನ್ನ ಬದುಕಿನ ಕೊನೆಯ ಚೌಕಟ್ಟು ಇದ ಏನು? ಹಂಗಾದ್ರ ಬಣ್ಣಾನರೆ ಚಲೋ ಹಾಕ್ರಪಾ,' ಎಂದಳು ಪದ್ದಿ. ಕತ್ತಲೆ ಉತ್ತರ ಕೊಡಲಿಲ್ಲ."

ಓದಿ ಫೋನು ಕೆಳಗಿಟ್ಟಳು.

"ಮುಂದ?" ಎಂದರು ವೆಂಕೂಬಾಯಿ.

"ಮುಂದಿಂದು ಮುಂದಿನ ವಾರ, ಅಜ್ಜಿ."

"ಅಲ್ಲೀತನಕಾ ಆ ಹುಡುಗಿ ಆ ಥಂಡ್ಯಾಗ ಕೂಡಬೇಕಾ?"

"ಒಂದು ರಗ್ಗರೆ ಕೊಡು ಬೇಟಿ," ಎಂದಳು ಮುಮ್ತಾಜಬಿ, ಸೂಜಿಗೆ ದಾರ ಪೋಣಿಸುವುದನ್ನು ನಿಲ್ಲಿಸಿ. "ಮೈಮ್ಯಾಲೆ ಬರೀ ಓಡ್ನಿ ಐತಿ ಅಂದೀ."

"ರಗ್ಗು ಎಲ್ಲಿಂದ ತರ್ತಾಳ? ಸುತ್ತೆಲ್ಲಾ ಬರೇ ಮೆಣಸಿನಕಾಯಿ ಚೀಲ," ಎಂದಳು ದುರಗವ್ವ. "ನಾಕು ಕಾಯಿ ಕಡದು ತಿನ್ನಾಕ ಹೇಳವ್ವಾ, ಮೈ ಬೆಚ್ಚಗ ಆಕ್ಕತಿ."

"ಬ್ಯಾಡಗಿ ಕಾಯಿ ತಿಂದು ಯಾರಿಗೆ ಬೆಚ್ಚಗಾಗೇತಿ? ಬರೇ ಬಣ್ಣ. ನಾಲಿಗಿ ಕೆಂಪಾಗಿ ಸಾಯ್ತಾಳ ಪಾಪ," ಎಂದಳು ಮುಮ್ತಾಜಬಿ.

"ಸಾಯೂ ಮಾತ ಬ್ಯಾಡ!" ಎಂದು ವೆಂಕೂಬಾಯಿ ಕೈಯೆತ್ತಿದರು. "ಧನಾ, ಬಾಗಲಾ ತಗಿ. ಆಮ್ಯಾಲೆ ಪುಸ್ತಕಾ ಮುಚ್ಚು."

"ಅಜ್ಜಿ, ಇದು ಪುರಾಣ ಅಲ್ಲ. ಪತ್ತೇದಾರಿ. ಇಲ್ಲೆ ನಿಲ್ಲಸಬೇಕು, ಅದ ಇದರ ಪದ್ಧತಿ."

"ಯಾರ ಮನೀ ಪದ್ಧತಿ? ನಮ್ಮ ಪಡಸಾಲ್ಯಾಗ ಹಂಗ ಏಳೂದಿಲ್ಲ."

ವತ್ಸಲಾ ಎಲೆ ಹಾಕಿ ಕರೆದಳು. ಅಂದು ಬದನೆಕಾಯಿ ಎಣಗಾಯಿ, ರೊಟ್ಟಿ. ಘಮಘಮ ವಾಸನೆ ಪಡಸಾಲೆಗೆ ಬಂದರೂ ವೆಂಕೂಬಾಯಿ ಕಂಬಕ್ಕೆ ಒರಗಿ ಕುಳಿತವರು ಏಳಲಿಲ್ಲ.

"ಆಕಿ ಹೊರಗ ಬಂದು ಉಣ್ಣೂತನಕಾ ನಾ ಹೆಂಗ ಉಣ್ಣಲಿ?"

"ಅತ್ತೀ, ಅದು ಸುಳ್ಳು ಕಥಿ ಅದರಿ," ಎಂದಳು ವತ್ಸಲಾ.

"ಕಥಿ ಸುಳ್ಳ ಇರಬಹುದು, ನಮ್ಮವ್ವಾ. ಕೇಳಿದ ಕಿವಿ ಖರೇ ಅದಾವಲ್ಲ."

ಧನಶ್ರೀ ನನ್ನ ಕಡೆ ನೋಡಿದಳು. "ಸರ, ನೀವರೆ ಹೇಳ್ರಿ."

ನಾನು ಏನು ಹೇಳಲಿ? ಹುತ್ತದ ರಾಜಕುಮಾರನಿಗಾಗಿ ಕೋಸಂಬರಿ ಕೆಡಿಸಿದವನು ನಾನು. ಆಕೆ ಹಾವೇರಿಗೆ ಫೋನು ಹಚ್ಚಿ, ಎಲ್ಲರಿಗೂ ಕೇಳುವಂತೆ ಮಾಡಿ, ಬಾಗಿಲು ತೆರೆದು ಕಂತು ಮುಗಿಸಿದರೆ ನಡೆದೀತೇ ಎಂದು ಸಂಪಾದಕನನ್ನು ಕೇಳಿದಳು.

"ತಗದ್ರ ಕಥಿ ಸತ್ತಂಗ, ಮೇಡಂ," ಎಂದ ಸಿದ್ದಲಿಂಗೇಶ. "ಬುಧವಾರ ಸಂಜಿಗೆ ನನಗ ಬಾಗಲಾ ಹಾಕಿದ್ದ ಬೇಕು. ಇಲ್ಲಾಂದ್ರ ಬೆಂಡಿಕಾಯಿ."

ವೆಂಕೂಬಾಯಿ ಫೋನು ತಮ್ಮ ಕಡೆ ಎಳೆದುಕೊಂಡರು. "ನೀವು ಯಾರಪಾ?"

"ನಾನ್ರಿ, ಸಿದ್ದಲಿಂಗೇಶ. ಪತ್ರಿಕಿ ಸಂಪಾದಕ."

"ಊಟ ಆತೇನು?"

"ಈಗ ಆತ್ರಿ ಅಮ್ಮಾ."

"ಆ ಹುಡುಗಿನ್ನ ಕತ್ತಲ್ಯಾಗ ಕೂಡಿಹಾಕಿ ನಿಮಗ ಗಂಟಲಾಗ ಹೆಂಗ ಇಳೀತು?"

ಆ ಕಡೆ ಸಿದ್ದಲಿಂಗೇಶ ಎರಡು ಸಲ ಕೆಮ್ಮಿದ. ಆಮೇಲೆ, "ಬಸ್ಸಿನ ಗದ್ದಲದಾಗ ಕೇಳಸವಲ್ದು," ಎಂದು ಫೋನು ಇಟ್ಟುಬಿಟ್ಟ. ಭಾನುವಾರ ಮಧ್ಯಾಹ್ನ ಮನೆಯಲ್ಲಿ ಉಂಡು ಕುಳಿತವನಿಗೆ ಯಾವ ಬಸ್ಸಿನ ಗದ್ದಲವೋ ದೇವರೇ ಬಲ್ಲ.

ಧನಶ್ರೀ ಮೂಲೆಯಲ್ಲಿ ಕುಳಿತು ಯೋಚಿಸತೊಡಗಿದಳು. ಬಾಗಿಲು ತೆರೆಯದಿದ್ದರೆ ಅಜ್ಜಿಯ ಊಟ ಹೋಗುತ್ತದೆ. ತೆರೆದರೆ ಕಾದಂಬರಿ ಹೋಗುತ್ತದೆ. ಕೊನೆಗೆ ನನ್ನ ಹತ್ತಿರ ಬಂದು ಮೆಲ್ಲಗೆ ಹೇಳಿದಳು: "ಸರ, ಖರೇ ಹೇಳಬೇಕಂದ್ರ ಹೊರಗ ಚಿಲಕ ಹಾಕಿದ್ರೂ ಆ ಬಾಗಲಾ ಒಳಗಿಂದ ತಗೀತದ. ಯಾರರೆ ಸಿಕ್ಕೊಂಡ್ರ ಇರಲಿ ಅಂತ ಒಂದು ಗುಂಡಿ ಇರ್ತದ. ಅದು ಸರಿ ಅದ ಇಲ್ಲೋ ನೋಡೂದು ನನ್ನ ಕೆಲಸನ. ಪದ್ದಿಗೆ ಅದು ಗೊತ್ತಿರಲಾರದ ಹೆಂಗ ಇದ್ದೀತು? ಹೆದರಸೂ ಸಲವಾಗಿ ನಾ ಆಕಿನ್ನ ದಡ್ಡಿ ಮಾಡಿದೆ."

"ಹಾಗಾದರೆ ಜಾಣೆಯನ್ನಾಗಿಯೇ ಇರಗೊಡು," ಎಂದೆ.

ಆಕೆ ಮತ್ತೆ ಮೂಲೆ ಸೇರಿದಳು. ಬೆರಳುಗಳು ಫೋನಿನ ಮೇಲೆ ಓಡಿದವು. ರೊಟ್ಟಿ ತಣ್ಣಗಾಯಿತು, ವತ್ಸಲಾ ಮತ್ತೊಮ್ಮೆ ಬಿಸಿ ಮಾಡಿದಳು. ದುರಗವ್ವ ಮನೆಗೆ ಹೋಗಬೇಕಾದವಳು ಹೋಗಲಿಲ್ಲ. "ಆ ಹುಡುಗಿ ಹೊರಗ ಬರೂದು ನೋಡೇ ಹೊಕ್ಕೇನಿ," ಎಂದು ಕುಳಿತಳು. ಕೊನೆಗೆ ಧನಶ್ರೀ ಎದ್ದು ನಿಂತು ಓದಿದಳು:

"ಪದ್ದಿ ಕತ್ತಲೆಯಲ್ಲಿ ಕೈಯಾಡಿಸಿ ಬಾಗಿಲ ಬದಿಯ ಗುಂಡಿಯನ್ನು ಒತ್ತಿದಳು. ಬಾಗಿಲು 'ಕಿರ್ರ್' ಎಂದಿತು. ಹೊರಗಿನ ಬಿಸಿಲು ಒಳಗೆ ಬಂದು ಆಕೆಯ ಕಾಲು ಬೆಚ್ಚಗೆ ಮಾಡಿತು. ಓಡಿಹೋಗಬೇಕೆಂದವಳು ನಿಂತಳು. ಬಾಗಿಲ ಪಕ್ಕದಲ್ಲೇ, ಆ ಬೆಳಕಿನಲ್ಲಿ, ಹೆಚ್ಚಿನ ಚೀಲ ಕಂಡಿತು. ಬಾಯಿ ಬಿಚ್ಚಿ, ಒಳಗೆ ಇಣುಕಿ ನೋಡಿದಳು. ನೋಡಿ ನಕ್ಕಳು. ನಕ್ಕು ನಕ್ಕು ನೆಲಕ್ಕೆ ಕುಳಿತಳು. ಕನ್ನಡಕ ಒರೆಸಿಕೊಂಡು ಮತ್ತೆ ನೋಡಿದಳು, ಮತ್ತೆ ನಕ್ಕಳು."

"ನಕ್ಕಳೇನು?" ವೆಂಕೂಬಾಯಿ ಕಂಬ ಬಿಟ್ಟು ನೆಟ್ಟಗೆ ಕುಳಿತರು. "ನಕ್ಕೋತ ಇದ್ದಾಗ ಮುಚ್ಚಬಹುದು. ಅದಕ್ಕ ದೋಷ ಇಲ್ಲ. ವತ್ಸಲಾ, ಬಡಸವಾ."

"ಚೀಲದಾಗ ಏನಿತ್ತ?" ಎಂದಳು ದುರಗವ್ವ.

"ಮುಂದಿನ ವಾರ," ಎಂದಳು ಧನಶ್ರೀ.

ಆ ಮಾತಿಗೆ ಈ ಸಲ ಯಾರೂ ಸಿಟ್ಟಾಗಲಿಲ್ಲ. ವೆಂಕೂಬಾಯಿ ಎರಡು ರೊಟ್ಟಿ ಉಂಡರು. ಉಣ್ಣುವಾಗ ಮಾತ್ರ ನಡುನಡುವೆ ಕೈ ನಿಲ್ಲಿಸಿ ಏನನ್ನೋ ಯೋಚಿಸುತ್ತಿದ್ದರು.

ಬುಧವಾರ ಸಿದ್ದಲಿಂಗೇಶ ಆ ಕಂತನ್ನು ನೋಡಿ ಬೇಸರಪಟ್ಟನಂತೆ. ಆದರೆ ಪಲ್ಯದ ಅಂಕಣ ಬರೆಯುವ ಹೆಣ್ಣುಮಗಳು ತವರಿಗೆ ಹೋಗಿದ್ದಳು. ಒಗ್ಗರಣೆಯ ಮುಂದಿನ ಭಾಗ ಬಂದಿರಲಿಲ್ಲ. ಬೇರೆ ದಾರಿಯಿಲ್ಲದೆ ಪದ್ದಿಯನ್ನೇ ಅಚ್ಚು ಹಾಕಿದ.

ಮುಂದಿನ ಭಾನುವಾರ ನಾವೆಲ್ಲ ಪಡಸಾಲೆಯಲ್ಲಿ ಕುಳಿತಿದ್ದೆವು. ಅಂಗಳದಲ್ಲಿ ಒಂದು ಮೋಟಾರ್ ಸೈಕಲ್ ಬಂದು ನಿಂತಿತು. ಬಿಸ್ಕೀಟಿನ ಪೊಟ್ಟಣ ಹಿಡಿದು, ಬೆವರು ಒರೆಸಿಕೊಳ್ಳುತ್ತ ಒಬ್ಬ ದಪ್ಪ ಮನುಷ್ಯ ಒಳಗೆ ಬಂದ.

"ನಾನ್ರಿ, ಸಿದ್ದಲಿಂಗೇಶ."

"ಬರ್ರಿ, ಕುಂದರ್ರಿ," ಎಂದರು ವೆಂಕೂಬಾಯಿ. "ಇವತ್ತ ಬಸ್ಸಿನ ಗದ್ದಲ ಇಲ್ಲೇನು?"

ಆತ ನಾಚಿ ನಕ್ಕ. ಮೊದಲು ಮೋಟೆಬೆನ್ನೂರಿನ ಒಂದು ಹೋಟೆಲಿನಿಂದ ಫೋನು ಬಂತಂತೆ. ಆಮೇಲೆ ಬ್ಯಾಡಗಿಯ ಪೇಟೆಯಿಂದ ಹಮಾಲರು, ದಲಾಲರು ಒಬ್ಬರ ಹಿಂದೊಬ್ಬರು. ಎಲ್ಲರದೂ ಒಂದೇ ಪ್ರಶ್ನೆ: ಆಕಿ ಯಾಕ ನಕ್ಕಳು? "ನಮ್ಮ ಮಶೀನ ನಡಸಾಂವನೂ ಕೇಳಾಕತ್ತಾನ್ರಿ. ಹೇಳಲಿಲ್ಲಂದ್ರ ಅಚ್ಚ ಹೊಡಿಯೂದಿಲ್ಲ ಅಂತಾನ. ಅದಕ್ಕ ನಾನ ಬಂದೇನಿ. ಹೇಳ್ರಿ ಮೇಡಂ, ಚೀಲದಾಗ ಏನೈತಿ?"

ಧನಶ್ರೀ ಕನ್ನಡಕ ತೆಗೆದಳು, ಮತ್ತೆ ಹಾಕಿಕೊಂಡಳು. "ನನಗೂ ಗೊತ್ತಿಲ್ರಿ."

"ಅಂದ್ರ?"

"ಅವತ್ತ ಅಜ್ಜಿ ಊಟಾ ಮಾಡಲಿ ಅಂತ ನಗಿಸಿದೆ. ಏನ ನೋಡಿ ನಕ್ಕಳು ಅಂತ ಇನ್ನೂ ಹೊಳದಿಲ್ಲ. ವಾರೆಲ್ಲಾ ತಲಿ ಕೆರಕೊಂಡೇನಿ."

ಸಂಪಾದಕನ ಮುಖ ಬಿಳುಚಿಕೊಂಡಿತು. "ಮೇಡಂ, ಬುಧವಾರದೊಳಗ ಹೊಳೀಬೇಕ್ರಿ. ಇಲ್ಲಾಂದ್ರ ಬ್ಯಾಡಗಿ ಪ್ಯಾಟ್ಯಾಗ ನನಗ ಅಡ್ಡಾಡಾಕ ಬರೂದಿಲ್ಲ."

ಪಡಸಾಲೆಯಲ್ಲಿ ಎಲ್ಲರೂ ಕೂಡಿಯೇ ಯೋಚಿಸಿದರು.

"ಬಂಗಾರ ಇರಬೇಕು," ಎಂದಳು ಮುಮ್ತಾಜಬಿ.

"ಬಂಗಾರ ನೋಡಿ ಯಾರ ನಗತಾರ? ಬಾಯಿ ಮುಚ್ಚಿಕೊಂಡು ಉಡ್ಯಾಗ ಹಾಕ್ಕೋತಾರ," ಎಂದಳು ದುರಗವ್ವ. "ಸಾಹುಕಾರನ ಹಲ್ಲಿನ ಸೆಟ್ಟು ಇರಬೇಕು."

"ಚೀಲದ ತುಂಬ ಹಲ್ಲು?" ಎಂದಳು ಮುಮ್ತಾಜಬಿ.

"ನಮ್ಮ ಪತ್ರಿಕಿ ಹಳೇ ಸಂಚಿಕಿ ಇದ್ರ ಹೆಂಗ?" ಎಂದ ಸಿದ್ದಲಿಂಗೇಶ.

"ಅವನ್ನ ನೋಡಿದ್ರ ಆಕಿ ಅಳತಿದ್ದಳು," ಎಂದು ವತ್ಸಲಾ ಅಡುಗೆಮನೆಯಿಂದಲೇ ಹೇಳಿದಳು.

ವೆಂಕೂಬಾಯಿ ಈಗ ಮೆಲ್ಲನೆ ಬಾಯಿ ಬಿಟ್ಟರು. "ಮಾವಿನಹಣ್ಣು."

ಎಲ್ಲರೂ ಅವರ ಕಡೆ ತಿರುಗಿದೆವು.

"ಮಾವಿನಹಣ್ಣು ಯಾಕ, ಅಜ್ಜಿ?"

"ಯಾಕಂದ್ರ ಆ ಸಾಹುಕಾರಗ ಸಕ್ಕರಿ ರೋಗ ಇರಬೇಕು. ಮನ್ಯಾಗ ತಿನಗೊಡೂದಿಲ್ಲ. ಪಾಪ, ಅಂವಾ ಎಲ್ಲಿ ಇಡಬೇಕು? ಯಾರೂ ಮುಟ್ಟಲಾರದ ಜಾಗಾದಾಗ ಇಡಬೇಕು. ಯಾರ ಹೆಸರೂ ಇಲ್ಲದ ಚೀಲಾ ಅಂದ್ರ ಸಾಹುಕಾರಗ ಹೆದರಿ ಒಬ್ಬ ಹಮಾಲನೂ ಕೈ ಹಚ್ಚೂದಿಲ್ಲ. ಮಧ್ಯಾಹ್ನ ಎಲ್ಲಾರೂ ಮಲಗಿದಾಗ ಹೋಗಿ ಒಂದ ತಿಂದು ಬರೂದು. ಸಿಪ್ಪಿ, ಗೊರಟ ಅಲ್ಲೆ ಬಿಡಬಾರದು, ವಾಸನಿ ಬರ್ತದ. ಕೈ ತೊಳದ ಮ್ಯಾಲೆ ಒಂದೀಟು ವಿಭೂತಿ..."

ಅಲ್ಲಿಗೆ ಅವರ ಮಾತು ನಿಂತಿತು. ಏಕೆಂದರೆ ಅಡುಗೆಮನೆಯ ಬಾಗಿಲಲ್ಲಿ ವತ್ಸಲಾ ಸೌಟು ಹಿಡಿದು ನಿಂತಿದ್ದಳು. ವೆಂಕೂಬಾಯಿಯವರಿಗೂ ಸಕ್ಕರೆ ರೋಗ. ಡಾಕ್ಟರು ಹಣ್ಣು ಬಿಡಿಸಿ ಬಹಳ ವರ್ಷವಾಗಿತ್ತು.

"ಅತ್ತೀ, ಇಷ್ಟೆಲ್ಲಾ ನಿಮಗ ಹೆಂಗ ಗೊತ್ತು?"

"ಕಥೀ ಸಲವಾಗಿ ಹೇಳಿದ್ನೆವಾ."

"ಎಲ್ಲಿ ಇಟ್ಟೀರಿ?"

ಅಜ್ಜಿಯ ದೃಷ್ಟಿ ಒಂದು ಗಳಿಗೆ ದೇವರ ಮನೆಯ ಕಡೆ ಹೊರಳಿತು. ಅಲ್ಲಿ ಅವರ ಮಡಿ ಸೀರೆಯ ಪೆಟ್ಟಿಗೆಯಿತ್ತು. ಸ್ನಾನ ಮಾಡದೆ, ಒದ್ದೆ ಬಟ್ಟೆ ಉಡದೆ ಅದನ್ನು ಯಾರೂ ಮುಟ್ಟುವಂತಿಲ್ಲ. ಆ ಮನೆಗೆ ಸೊಸೆಯಾಗಿ ಬಂದಂದಿನಿಂದ ವತ್ಸಲಾ ಅದರ ಹತ್ತಿರ ಸುಳಿದವಳಲ್ಲ.

"ನಾ ಮುಟ್ಟೂದಿಲ್ಲರಿ, ನಿಮ್ಮ ಮಡಿ ಕೆಡೂದು ಬ್ಯಾಡ," ಎಂದಳು ವತ್ಸಲಾ. "ನೀವ ತಗೀರಿ."

ವೆಂಕೂಬಾಯಿ ಎದ್ದು ಹೋಗಿ ಪೆಟ್ಟಿಗೆ ತೆರೆದರು. ರೇಷ್ಮೆ ಸೀರೆಯ ಮಡಿಕೆಯೊಳಗೆ ಎರಡು ಆಪೂಸು ಹಣ್ಣು, ಹಳದಿ ಬಣ್ಣಕ್ಕೆ ತಿರುಗಿ, ಕೂಸುಗಳ ಹಾಗೆ ಬೆಚ್ಚಗೆ ಮಲಗಿದ್ದವು. ದುರಗವ್ವ ಇದ್ದಕ್ಕಿದ್ದಂತೆ ತಲೆ ಬಗ್ಗಿಸಿ ಬಹಳ ಅವಸರದಿಂದ ಹೂ ಕಟ್ಟತೊಡಗಿದಳು. ಹಲಗೇರಿಯ ಹೂವಿನ ಬುಟ್ಟಿಯ ತಳದಲ್ಲಿ ಏನೇನು ಬರುತ್ತದೆ ಎಂಬುದು ಆಗ ನಮಗೆಲ್ಲ ತಿಳಿಯಿತು.

ಧನಶ್ರೀ ಪೆಟ್ಟಿಗೆಯೊಳಗೆ ಇಣುಕಿದಳು. ನಕ್ಕಳು. ನಕ್ಕು ನಕ್ಕು ದೇವರ ಮನೆಯ ಹೊಸ್ತಿಲಲ್ಲೇ ಕುಳಿತುಬಿಟ್ಟಳು. ಸಿದ್ದಲಿಂಗೇಶ ಆಕೆಯ ಹತ್ತಿರ ಹೋಗಿ, "ಮೇಡಂ, ಈಗ ಹೊಳೀತ್ರಿ?" ಎಂದ. ಆಕೆ ನಗುತ್ತಲೇ ಹೌದೆಂದು ತಲೆಯಾಡಿಸಿದಳು.

ವತ್ಸಲಾ ಬಹಳ ಹೊತ್ತು ಮುಖ ಬಿಗಿದುಕೊಂಡಿರಲು ನೋಡಿದಳು, ಆಗಲಿಲ್ಲ. ಒಂದು ಹಣ್ಣು ಹೆಚ್ಚಿ ಎಲ್ಲರಿಗೂ ಹಂಚಿದಳು. ಅತ್ತೆಗೆ ಎಲ್ಲಕ್ಕಿಂತ ತೆಳುವಾದ ಹೋಳು ಕೊಟ್ಟಳು. ಸಿದ್ದಲಿಂಗೇಶ ತನ್ನ ಹೋಳು ಚೀಪುತ್ತ ಹೇಳಿದ: "ಇನ್ನ ಮ್ಯಾಲೆ ಪದ್ದಿನ್ನ ಎಲ್ಲೂ ಸಿಗಿಸಬ್ಯಾಡ್ರಿ. ನಗಿಸೇ ನಿಲ್ಲಸ್ರಿ. ಬೆಂಡಿಕಾಯಿಗೆ ಬ್ಯಾರೆ ಪುಟ ಹುಡಕತೇನಿ."

'ಹೆಚ್ಚಿನ ಚೀಲ' ಮಳೆಗಾಲ ಕಳೆಯುವವರೆಗೂ ನಡೆಯಿತು. ಸಾಹುಕಾರನ ಹಣ್ಣು ಸಿಕ್ಕಮೇಲೂ ಕಥೆ ನಿಲ್ಲಲಿಲ್ಲ. ಪದ್ದಿಯ ಮೇಲೆ ಬಾಗಿಲು ಹಾಕಿದವರಾರು, ಸಾಹುಕಾರನ ಹೆಂಡತಿಗೆ ಸುದ್ದಿ ಮುಟ್ಟಿಸಿದವರಾರು ಎಂದು 'ಮುಂದಿನ ವಾರ'ಗಳು ಬೆಳೆಯುತ್ತ ಹೋದವು. ಒಂದೊಂದು ಕಂತೂ ಯಾರಾದರೂ ನಗುವಲ್ಲಿಯೇ ನಿಂತಿತು. ಧನಶ್ರೀ ಕೊನೆ ಮುಟ್ಟಿಸಿದ ಮೊದಲ ಕಥೆ ಅದು. ಈಗ ಪುಸ್ತಕವಾಗಿ ಬಂದಿದೆ; ಕರಡು ತಿದ್ದಿದವನು ನಾನು, ಆದ್ದರಿಂದ ತಪ್ಪುಗಳಿದ್ದರೆ ಬೈಗುಳ ನನಗೆ ಸೇರಬೇಕು.

ಹಣ್ಣು ಸಿಕ್ಕ ದಿನವೇ ವೆಂಕೂಬಾಯಿ ಮೊಮ್ಮಗಳಿಗೆ ಗಟ್ಟಿಯಾಗಿ ಹೇಳಿದ್ದರು: "ಧನಾ, ನನ್ನ ಹೆಸರು ಹಾಕಬ್ಯಾಡ. ಸಾಹುಕಾರಂದ ಇರಲಿ." ಕಾದಂಬರಿಯಲ್ಲಿ ಸಾಹುಕಾರನೇ ಸಿಕ್ಕಿಬೀಳುತ್ತಾನೆ. ಈ ಬರಹದಲ್ಲಿ ನಿಜ ಸಂಗತಿ ಬರೆಯಲು ಮಾತ್ರ ನಾನು ಅವರ ಅಪ್ಪಣೆ ಪಡೆದಿದ್ದೇನೆ. ಅಪ್ಪಣೆ ಕೊಡುವಾಗ ಅವರು ನನ್ನಿಂದ ಏನನ್ನು ತರಿಸಿಕೊಂಡರು ಎಂಬುದನ್ನು, ವತ್ಸಲಾ ಇದನ್ನು ಓದುವ ಸಂಭವವಿರುವುದರಿಂದ, ಇಲ್ಲಿ ಹೇಳಲಾರೆ.